ಖಾರದಕ್ಕ ಕೇಳಿದ ಬೆಲ್ಲ

ಅಕ್ಕ ನನ್ನ ಹತ್ತಿರ ಒಂದು ಚೂರು ಬೆಲ್ಲ ಕೇಳಿದ್ದಳು. ನಾನು ಕೊಡಲಿಲ್ಲ. ಅವಳ ಮುಷ್ಟಿಯಲ್ಲಿದ್ದ ಚೂರನ್ನೂ ಬೆರಳು ಬಿಡಿಸಿ ಕಸಿದುಕೊಂಡೆ. ಆಮೇಲೆ ಊರವರು ಅವಳ ಬಗ್ಗೆ ಒಂದು ಸುಳ್ಳು ಮಾತು ಹಬ್ಬಿಸಿದರು. ಅದು ಸುಳ್ಳು ಎಂದು ಗೊತ್ತಿದ್ದವಳು ನಾನೊಬ್ಬಳೇ. ಆಗಲೂ ಬಾಯಿ ತೆರೆಯಲಿಲ್ಲ.

ಅಕ್ಕ ಈಗ ಇಲ್ಲ. ಅವಳ ಬಗ್ಗೆ ನಾಲ್ಕು ಮಾತು ಬರೆಯೋಣ ಎಂದು ಕುಳಿತರೆ ಒಳ್ಳೆಯದೇನನ್ನು ನೆನೆದರೂ ಅದರ ಬೆನ್ನಿಗೇ ಆ ಮುಷ್ಟಿ ಕಣ್ಣ ಮುಂದೆ ಬರುತ್ತದೆ. ಅದಕ್ಕೇ ಮೊದಲು ಅದನ್ನೇ ಬರೆದೆ. ನಾನು ಓದಿದ್ದು ನಾಲ್ಕನೆಯ ಇಯತ್ತೆಯವರೆಗೆ. ಅಕ್ಷರ ಮರೆಯದೆ ಉಳಿದದ್ದು ಅಕ್ಕನ ಮಸಾಲೆ ಡಬ್ಬಿಗಳ ಮೇಲೆ ಹೆಸರು ಬರೆಯುತ್ತ. ಹಾಗಾಗಿ ಈ ಬರವಣಿಗೆಯೂ ಅವಳು ಕೊಟ್ಟದ್ದೇ.

ಅವಳ ಹೆಸರು ಬರೆಯುವುದಿಲ್ಲ. ಹೆಸರಿಟ್ಟು ಕರೆದರೆ ಅವಳು ತಿರುಗಿಯೂ ನೋಡುತ್ತಿರಲಿಲ್ಲ. ನಮ್ಮೂರು ಬೇಡಕಿಹಾಳದ ಸುತ್ತಮುತ್ತ ಎಲ್ಲರಿಗೂ ಅವಳು ಖಾರದಕ್ಕ. ಹೋಳಿ ಹುಣ್ಣಿಮೆ ಮುಗಿದು ಬಿಸಿಲು ಬಲಿತರೆ ನಮ್ಮ ಕಡೆ ವರ್ಷಕ್ಕಾಗುವಷ್ಟು ಮಸಾಲೆ ಖಾರ ಮಾಡಿಕೊಳ್ಳುವ ಹಂಗಾಮು. ಮೆಣಸಿನಕಾಯಿ ತೊಟ್ಟು ತೆಗೆದು ಒಣಗಿಸಿ, ಸಾಮಾನುಗಳನ್ನು ಹುರಿದು, ಖಾರ ಕುಟ್ಟುವ ಡಂಕಕ್ಕೆ ಒಯ್ಯಬೇಕು. ಕುಟ್ಟುವುದನ್ನು ಯಂತ್ರ ಮಾಡುತ್ತದೆ. ಹುರಿಯುವುದಕ್ಕೆ ಕೈ ಬೇಕು. ಆ ಕೈ ಅಕ್ಕನದು. ಅಕ್ಕೋಳದಿಂದಲೂ ಕರೆ ಬರುತ್ತಿತ್ತು.

ಕೊತ್ತಂಬರಿ ಕಾಳು ಮೊದಲು, ಒಣಕೊಬ್ಬರಿ ಆಮೇಲೆ, ಲವಂಗ ದಾಲ್ಚಿನ್ನಿ ಕಲ್ಲುಹೂವು ಒಂದೊಂದೇ, ಎಲ್ಲ ಮುಗಿದ ಮೇಲೆ ಮೆಣಸಿನಕಾಯಿ. ಈ ಸರದಿ ಅವಳು ಎಂದೂ ತಪ್ಪಿಸಿದವಳಲ್ಲ. ಮೊದಲೇ ಮೆಣಸಿನಕಾಯಿ ಹಾಕಿದರೆ ಬಾಣಲೆಯ ಘಾಟು ಮಿಕ್ಕದ್ದಕ್ಕೆಲ್ಲ ಹತ್ತುತ್ತದೆ ಎನ್ನುತ್ತಿದ್ದಳು. ಕೊತ್ತಂಬರಿ ಹುರಿದದ್ದು ಸಾಕೋ ಬೇಕೋ ಎಂದು ನೋಡಲು ನಾಲ್ಕು ಕಾಳನ್ನು ಕಿವಿಯ ಹತ್ತಿರ ಹಿಡಿದು ಬೆರಳಲ್ಲಿ ಒಡೆಯುತ್ತಿದ್ದಳು. ಮೆಂತ್ಯಕ್ಕೆ ಮಾತ್ರ ಚಮಚ ಮುಟ್ಟಿಸುತ್ತಿರಲಿಲ್ಲ. ಮೂರು ಬೆರಳಿಗೆ ಬಂದಷ್ಟೇ. ಅದು ಹೆಚ್ಚಾದರೆ ಇಡೀ ಡಬ್ಬಿಯ ಯಜಮಾನಿಕೆ ತಾನೇ ಮಾಡುತ್ತದೆ ಎಂದು ನಗುತ್ತಿದ್ದಳು.

ಘಾಟಿಗೆ ಹಾದು ಹೋಗುವವರೂ ಸೀನುತ್ತಿದ್ದರು. ಅಕ್ಕ ಸೀನುತ್ತಿರಲಿಲ್ಲ. ಮೂಗಿಗೆ ಒದ್ದೆ ಬಟ್ಟೆ ಕಟ್ಟಿ, ದವಡೆಯಲ್ಲಿ ಒಂದು ಚೂರು ಬೆಲ್ಲ ಇಟ್ಟುಕೊಂಡು ಕೂರುತ್ತಿದ್ದಳು. ಬೆಲ್ಲದ ನೀರು ಗಂಟಲಿಗೆ ಇಳಿಯುತ್ತಿದ್ದರೆ ಖಾರ ಕಾಡುವುದಿಲ್ಲ ಎನ್ನುವುದು ಅವಳ ಅನುಭವ. ಬಾಯಿ ಅವಳದು ಚುರುಕು. ಒಬ್ಬ ಬಿಗಿ ಕೈಯ ಹೆಂಗಸು ನಾಲ್ಕು ಲವಂಗ ಕಾಗದದಲ್ಲಿ ಕಟ್ಟಿ ತಂದಾಗ, "ಇವನ್ನ ಹುರೀಲ್ಯೋ, ಕಿವ್ಯಾಗ ಇಟಗೊಳ್ಳಲ್ಯೋ?" ಎಂದು ಕೇಳಿದ್ದಳು. ಯಾರಾದರೂ ಜಗಳಕ್ಕೆ ನಿಂತರೆ, "ಉರಿ ಸಣ್ಣ ಮಾಡ" ಎಂದು ಅವಳು ಅಂದರೆ ಅದು ಒಲೆಗೋ ಮನುಷ್ಯರಿಗೋ ತಿಳಿಯದೆ ಅವರೇ ನಕ್ಕು ಸುಮ್ಮನಾಗುತ್ತಿದ್ದರು.

ಅವಳನ್ನು ರಾಯಬಾಗ ಕಡೆಗೆ ಕೊಟ್ಟಿದ್ದರು. ಗಂಡ ಬೇಗ ತೀರಿಕೊಂಡ. ಮಕ್ಕಳಿರಲಿಲ್ಲ. ತವರಿಗೆ ಬಂದಳು. ಅದೇ ವರ್ಷ ಅವ್ವ ಹೋದಳು, ನಾನು ಅಕ್ಕನ ಪಾಲಿಗೆ ಬಂದೆ. ನನಗೆ ಜ್ವರ ಬಂದರೆ ಕಷಾಯಕ್ಕೆ ಹಲ್ಲು ಕಚ್ಚಿ ಕೂರುತ್ತಿದ್ದೆ. ಆಗ ಹೆಬ್ಬೆರಳು, ತೋರುಬೆರಳಲ್ಲಿ ನನ್ನ ಎರಡೂ ಕೆನ್ನೆ ಒತ್ತಿ, ಬಾಯಿ ತೆರೆದದ್ದೇ ತಡ, ಸುರಿದುಬಿಡುತ್ತಿದ್ದಳು. ಅವಳ ಬೆರಳಿನ ಖಾರ ಕೆನ್ನೆಗೆ ಹತ್ತಿ ಸಂಜೆಯವರೆಗೆ ಉರಿಯುತ್ತಿತ್ತು.

ಇನ್ನು ನನ್ನ ಹೆದರಿಕೆಯ ಮಾತು. ಅಪ್ಪನಿಗೆ ಸಕ್ಕರೆ ಕಾಯಿಲೆ ಇತ್ತು. ಕಬ್ಬು ಕಡಿದ ಹೊಲದಲ್ಲಿ ಒಂದು ಕೂಳೆ ಕಾಲ್ಬೆರಳಿಗೆ ಚುಚ್ಚಿತು. ಗಾಯ ಮಾಯಲಿಲ್ಲ. ಬೆರಳು ಕಪ್ಪಾಯಿತು, ಪಾದ ಕಪ್ಪಾಯಿತು. ಮಿರಜಿನ ದವಾಖಾನೆಯಲ್ಲಿ ಮೊಣಕಾಲಿನ ಕೆಳಗೆ ಕತ್ತರಿಸಿದರು. ಕತ್ತರಿಸಿದ ಮೇಲೂ ಅಪ್ಪ ಇಲ್ಲದ ಬೆರಳನ್ನು ತುರಿಸಲು ಕೈ ಚಾಚುತ್ತಿದ್ದ. ಆ ಮಳೆಗಾಲ ಮುಗಿಯುವ ಮೊದಲೇ ಹೋದ. ಆ ವಾಸನೆ, ಆ ಚಾಚಿದ ಕೈ ನನ್ನೊಳಗೆ ಕೂತುಬಿಟ್ಟವು.

ಎಂಬತ್ತರ ದಶಕದ ಕೊನೆಯ ಹೊತ್ತಿಗೆ ಅಕ್ಕನಿಗೆ ನೀರಡಿಕೆ ಹೆಚ್ಚಾಯಿತು, ಮೈ ಇಳಿಯಿತು. ನಿಪ್ಪಾಣಿಯ ಡಾಕ್ಟರು ಅವಳ ಮೂತ್ರವನ್ನು ಒಂದು ಗಾಜಿನ ನಳಿಕೆಯಲ್ಲಿ ನೀಲಿ ಔಷಧದ ಜೊತೆ ಕಾಯಿಸಿದರು. ನೀಲಿ ಹೋಗಿ ಹಸಿರಾಯಿತು, ಹಳದಿಯಾಯಿತು, ಕೊನೆಗೆ ಇಟ್ಟಂಗಿಯ ಬಣ್ಣಕ್ಕೆ ನಿಂತಿತು. ಅಕ್ಕ, ಮೆಣಸಿನಕಾಯಿ ಬಣ್ಣ ಚಲೋ ಬಂದೈತ್ರಿ ಎಂದು ಡಾಕ್ಟರರನ್ನೇ ನಗಿಸಿದಳು. ನನಗೆ ನಗು ಬರಲಿಲ್ಲ. ಅಂದಿನಿಂದ ದಿನಾ ಸಂಜೆ ಅವಳನ್ನು ಕಟ್ಟೆಯ ಮೇಲೆ ಕೂರಿಸಿ ಕಾಲ್ಬೆರಳುಗಳ ಸಂದು ಬಿಡಿಸಿ ನೋಡತೊಡಗಿದೆ.

"ಏನಬೇ, ನನ್ನ ಕಾಲ ಏನ್ ಮದಿಮಗಳ ಕಾಲೇನ? ಸಾಕ ಬಿಡ" ಎನ್ನುತ್ತಿದ್ದಳು.

ನಾನು ಬಿಡುತ್ತಿರಲಿಲ್ಲ. ಡಾಕ್ಟರು ಬೆಳಗಿಗೆ ಒಂದು ಗುಳಿಗೆ ಬರೆದಿದ್ದರು. ಅನ್ನ, ಆಲೂಗಡ್ಡೆ ಕಡಿಮೆ, ಬೆಲ್ಲ ಸಕ್ಕರೆ ಬೇಡ ಎಂದಿದ್ದರು. ನಾನು ಬೆಲ್ಲದ ಡಬ್ಬಿ ಟ್ರಂಕಿನಲ್ಲಿಟ್ಟು ಬೀಗ ಹಾಕಿದೆ. ಅಕ್ಕ ಎರಡು ಸಲ ಯಾರದೋ ಮನೆಯಲ್ಲಿ ಬೆಲ್ಲದ ಚೂರನ್ನು ದವಡೆಗೆ ಹಾಕಿಕೊಂಡು ಸಿಕ್ಕಿಬಿದ್ದಳು. ನಾನು ಎಲ್ಲರೆದುರೇ ಬೈದೆ. ಹಾಗೆ ಅವಳಿಗೆ ಕದ್ದು ತಿನ್ನುವವಳು ಎಂಬ ಹೆಸರು ಹತ್ತಿಸಿದವಳೂ ನಾನೇ.

ಡಂಕದ ಪಾಳಿಯಲ್ಲಿ ಕುಳಿತಾಗ ಕಾಗವಾಡದ ಕಡೆಯ ಒಬ್ಬ ಮುದುಕಿ ಮೆಂತ್ಯದ ಮಾತು ಹೇಳಿದಳು. ಮೆಂತ್ಯ ಹುರಿದು ಪುಡಿ ಮಾಡಿ, ಅದಕ್ಕೆ ದಾಲ್ಚಿನ್ನಿ ಅರಿಶಿನ ಬೆರೆಸಿ ತಿಂದರೆ ಸಕ್ಕರೆ ಇಳಿಯುತ್ತದಂತೆ. ಅಕ್ಕನಿಗೆ ಹೇಳಿದರೆ ನಗುತ್ತಾಳೆ, ಮೂರು ಬೆರಳಿನ ಮೆಂತ್ಯದವಳು ಚಮಚಗಟ್ಟಲೆ ತಿನ್ನುವುದಿಲ್ಲ ಎಂದು ನಾನೇ ಗುಟ್ಟಾಗಿ ಪುಡಿ ಮಾಡಿದೆ. ಗುರೆಳ್ಳಿನ ಚಟ್ನಿ ಮೊದಲೇ ತುಸು ಕಹಿ. ಅದರಲ್ಲಿ ಕಲಸಿ ರೊಟ್ಟಿಯ ಜೊತೆ ಎರಡು ಹೊತ್ತೂ ಬಡಿಸಿದೆ. ಅಕ್ಕ ಮಾತಾಡದೆ ತಿಂದಳು. ಮುಂದಿನ ಸಲ ಡಾಕ್ಟರ ನಳಿಕೆ ಹಸಿರಿಗೇ ನಿಂತಿತು. ಡಾಕ್ಟರು ಗುಳಿಗೆ ಒಗ್ಗಿದೆ ಎಂದರು. ನಾನು ಒಳಗೊಳಗೇ ಹಿಗ್ಗಿ, ಮನೆಗೆ ಬಂದು ಪುಡಿ ಇನ್ನಷ್ಟು ಹೆಚ್ಚಿಸಿದೆ.

ಅದೇ ಬೇಸಿಗೆಯಲ್ಲಿ ಒಂದು ಸಂಕಷ್ಟಿ ಬಂತು. ಅಕ್ಕ ಸಂಕಷ್ಟಿ ಬಿಟ್ಟವಳಲ್ಲ. ಚಂದ್ರ ಕಾಣುವವರೆಗೆ ಊಟವಿಲ್ಲ. ಮೊದಲೆಲ್ಲ ಉಪವಾಸದ ದಿನ ಸಾಬೂದಾಣಿ, ಗೆಣಸು, ಆಲೂಗಡ್ಡೆ ತಿನ್ನುತ್ತಿದ್ದಳು. ಈಗ ಅವೆಲ್ಲ ಸಕ್ಕರೆಗೆ ಕೆಟ್ಟವು ಎಂದು ನಾನೇ ನಿಲ್ಲಿಸಿದ್ದೆ. ಆದರೆ ಗುಳಿಗೆ ತಪ್ಪಿಸಬಾರದಲ್ಲ, ಬೆಳಿಗ್ಗೆ ಎದುರಿಗೆ ನಿಂತು ನುಂಗಿಸಿದೆ. ಊಟವಿಲ್ಲದ ದಿನ ಪುಡಿ ಹೇಗೆ ಕೊಡುವುದು ಎಂದು ಮಜ್ಜಿಗೆಯಲ್ಲಿ ಕದಡಿ ಕುಡಿಸಿದೆ. ಅವಳು ಲೋಟದೊಳಗೆ ಒಮ್ಮೆ, ನನ್ನ ಮುಖವನ್ನೊಮ್ಮೆ ನೋಡಿದಳು. ಕುಡಿದಳು.

ಆ ದಿನ ತೋಟದ ಮನೆಯವರ ಖಾರ. ದೊಡ್ಡ ಕುಟುಂಬ, ಅಂಗಳದಲ್ಲಿ ಎರಡು ಒಲೆ. ಬಿಸಿಲಿನಿಂದ ಬಂದವರಿಗೆಂದು ಪಡಸಾಲೆಯಲ್ಲಿ ತಟ್ಟೆ ತುಂಬ ಬೆಲ್ಲ, ತಂಬಿಗೆ ನೀರು ಇಟ್ಟಿದ್ದರು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಅಕ್ಕನ ಕೈಯಲ್ಲಿ ಸೌಟು ನಡುಗತೊಡಗಿತು. ಬೆವರು ಕುಪ್ಪಸವನ್ನು ತೋಯಿಸಿತು. ಒಲೆಯ ಮುಂದೆ ಬೆವರುವುದು ಏನು ಹೊಸದು ಎಂದುಕೊಂಡೆ. ಆ ಮನೆಯೊಡತಿ, ನಾವೆಲ್ಲ ವೈನಿ ಎಂದು ಕರೆಯುವವರು, ಏನೋ ಕೇಳಿದರೆ ಅಕ್ಕ ಸಿಡುಕಿದಳು. ಅಂಥ ಸಿಡುಕು ಅವಳದಲ್ಲ. ಆಮೇಲೆ ಎದ್ದು, ಕಾಲು ತೊಡರುತ್ತ ಪಡಸಾಲೆಗೆ ಹೋಗಿ ತಟ್ಟೆಗೆ ಕೈ ಹಾಕಿದಳು. ವೈನಿ ಒಳಗೆ ಹೋಗಿದ್ದರು. ಅಲ್ಲಿ ನಾವಿಬ್ಬರೇ.

ಓಡಿ ಹೋಗಿ ಅವಳ ಮಣಿಕಟ್ಟು ಹಿಡಿದೆ.

"ಕೊಡಬೇ," ಎಂದಳು. ನಾಲಿಗೆ ತೊದಲುತ್ತಿತ್ತು. "ಒಂದ ಚೂರ. ಜೀವ ಹೊಂಟೈತಿ."

"ಅಪ್ಪನ ಕಾಲ ನೆನಪೈತಿಲ್ಲೋ ನಿನಗ?" ಎಂದೆ.

ಒಂದೊಂದೇ ಬೆರಳು ಬಿಡಿಸಿದೆ. ಅವಳಿಗೆ ಬಲವೇ ಇರಲಿಲ್ಲ. ಬೆಲ್ಲವನ್ನು ತಟ್ಟೆಗೆ ಹಾಕಿದರೆ ಮತ್ತೆ ತೆಗೆದುಕೊಂಡಾಳು ಎಂದು ನನ್ನ ಸೆರಗಿಗೆ ಕಟ್ಟಿಕೊಂಡೆ. ಅಕ್ಕ ನನ್ನನ್ನು ಗುರುತೇ ಇಲ್ಲದವಳಂತೆ ನೋಡಿದಳು. ಹಾಗೇ ಗೋಡೆಗುಂಟ ಜಾರಿದಳು. ಕಣ್ಣು ಮೇಲೆ ಹೋದವು, ಕೈಕಾಲು ಸೆಟೆದವು.

ನನ್ನ ಕೂಗಿಗೆ ವೈನಿ ಬಂದರು, ಆಳುಗಳು ಬಂದರು. ಅವರ ಮನೆಯ ಟೆಂಪೋದಲ್ಲಿ ಅಕ್ಕನನ್ನು ಮಲಗಿಸಿಕೊಂಡು ನಿಪ್ಪಾಣಿಗೆ ಹೊರಟೆವು. ಅವಳ ತಲೆ ನನ್ನ ತೊಡೆಯ ಮೇಲೆ. ಸಕ್ಕರೆ ಏರಿತು, ಸಕ್ಕರೆ ಏರಿತು ಎಂದು ನಾನು ಅಳುತ್ತಿದ್ದೆ. ದಾರಿಯುದ್ದಕ್ಕೂ ಆ ಬೆಲ್ಲ ನನ್ನ ಸೆರಗಿನ ಗಂಟಿನಲ್ಲೇ ಇತ್ತು. ಅವಳ ಬಾಯಿಂದ ಒಂದು ಗೇಣು ದೂರ.

ಡಾಕ್ಟರು ರಕ್ತನಾಳಕ್ಕೆ ಸೂಜಿ ಚುಚ್ಚಿ ಏನನ್ನೋ ಏರಿಸಿದರು. ಸ್ವಲ್ಪ ಹೊತ್ತಿಗೇ ಅಕ್ಕ ಕಣ್ಣು ತೆರೆದು, ನಾನೆಲ್ಲಿದ್ದೇನೆ ಎಂದು ಕೇಳಿದಳು. ಅಂಥ ಔಷಧ ಯಾವುದು ಎಂದು ಕೇಳಿದೆ. ಸಕ್ಕರೆ ನೀರು ಎಂದರು ಡಾಕ್ಟರು. ನನ್ನನ್ನು ಒಳಗಿನ ಕೋಣೆಗೆ ಕರೆದು ಬಾಗಿಲು ಮುಂದೆ ಮಾಡಿದರು.

"ಸಕ್ಕರಿ ಏರಿಲ್ಲವಾ, ಇಳದಿತ್ತು. ಗುಳಿಗಿ ಕೊಟ್ಟ ಉಪವಾಸ ಕೆಡವೀರಿ. ಬ್ಯಾರೆ ಏನರ ಪುಡಿ, ಕಷಾಯ ಕೊಡತಿದ್ರೇನು? ಮೆಂತಿ, ದಾಲ್ಚಿನ್ನಿ, ಇಂಥಾವು?"

ಇಲ್ಲ ಎಂದೆ.

ಅವು ಅಡಿಗೆಯಲ್ಲಿ ಇದ್ದರೆ ತೊಂದರೆಯಿಲ್ಲ, ಔಷಧ ಎಂದು ಹೆಚ್ಚು ಹೆಚ್ಚು ತಿಂದರೆ ಕೆಲವರಿಗೆ ಸಕ್ಕರೆಯನ್ನು ತುಸು ಕೆಳಗೆ ಎಳೆಯುತ್ತವೆ ಎಂದು ಅವರು ಬಿಡಿಸಿ ಹೇಳಿದರು. ಗುಳಿಗೆಯೂ ಎಳೆಯುತ್ತದೆ. ಎರಡೂ ಕೂಡಿ, ಹೊಟ್ಟೆಯೂ ಖಾಲಿ ಇದ್ದರೆ ಜೀವಕ್ಕೇ ಕುತ್ತು ಬರುತ್ತದೆ. ಬೆವರು, ನಡುಕ, ತೊದಲು ಕಂಡರೆ ಕೂಡಲೇ ಸಕ್ಕರೆ ಕೊಡಬೇಕು. ಕೊನೆಗೆ ಕೇಳಿದರು, ಬೀಳುವ ಮೊದಲು ಸಿಹಿ ಏನಾದರೂ ಬೇಡಿದ್ದಳೇ ಎಂದು. ಬಹಳ ಮಂದಿ ಬೇಡುತ್ತಾರಂತೆ. ಮೈಗೆ ಗೊತ್ತಾಗುತ್ತದಂತೆ.

ಸೆರಗಿನ ಗಂಟನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು, ಅದಕ್ಕೂ ಇಲ್ಲ ಎಂದೆ.

ಹೊರಗೆ ವೈನಿ ಕಾಯುತ್ತಿದ್ದರು. "ಕದ್ದ ಬೆಲ್ಲಾ ತಿಂದಿದ್ಲು, ಹೌದಿಲ್ಲೋ? ಕೈ ಜಿಗಿಜಿಗಿ ಆಗಿತ್ತು, ನಾ ನೋಡೇನಿ" ಎಂದರು. ನಾನು ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ. ಅಷ್ಟು ಸಾಕಾಯಿತು. ನಾವು ಊರು ಮುಟ್ಟುವ ಮೊದಲೇ ಮಾತು ಮುಟ್ಟಿತ್ತು.

ಬಿದ್ದ ಆ ಹೊತ್ತು ಅಕ್ಕನಿಗೆ ನೆನಪೇ ಇರಲಿಲ್ಲ. ಒಲೆಯ ಮುಂದೆ ಕುಳಿತದ್ದು ಗೊತ್ತು, ದವಾಖಾನೆಯ ಮಾಡು ಕಂಡದ್ದು ಗೊತ್ತು. ನಡುವಿನದು ಇಲ್ಲ. ನೆನಪಿಲ್ಲದ ಜಾಗಕ್ಕೆ ಊರವರ ಮಾತನ್ನು ತುಂಬಿಕೊಂಡಳು. ತಾನು ಕದ್ದು ತಿಂದೇ ಇರಬೇಕು ಎಂದು ನಂಬಿದಳು. ಒಂದು ದಿನ ರೊಟ್ಟಿ ಬಡಿಯುತ್ತಿದ್ದ ನನ್ನ ಹಿಂದೆ ಬಂದು ನಿಂತು, "ನಿನ್ನ ಮಾತ ಮೀರಿ ತಿಂದ್ನಿ. ನಿನ್ನ ಹೆದರಿಸಿಬಿಟ್ನಿ. ತಪ್ಪಾತ ತಂಗೀ" ಎಂದಳು. ನನ್ನನ್ನು ಸಾಕಿದವಳು ನನ್ನ ಹತ್ತಿರ ತಪ್ಪಾಯಿತು ಎಂದಳು. ಹಂಚಿನ ಮೇಲಿನ ರೊಟ್ಟಿ ಹೊತ್ತಿತು. ನಾನು ತಿರುಗಲಿಲ್ಲ.

ಮೆಂತ್ಯದ ಪುಡಿಯನ್ನು ಅಂದೇ ತಿಪ್ಪೆಗೆ ಚೆಲ್ಲಿದ್ದೆ. ಉಪವಾಸ ಬೇಡವೆಂದು ಡಾಕ್ಟರು ಹೇಳಿದ್ದಾರೆ ಎಂದಷ್ಟೇ ಅಕ್ಕನಿಗೆ ಹೇಳಿದೆ, ಏಕೆ ಎಂದು ಹೇಳಲಿಲ್ಲ. ಒಂದು ಸಣ್ಣ ಪುಡಿಕೆ ಸಕ್ಕರೆಯನ್ನು ಸದಾ ಸೆರಗಿಗೆ ಕಟ್ಟಿಕೊಂಡು ತಿರುಗಿದೆ, ಅದು ಯಾತಕ್ಕೆ ಎಂದೂ ಹೇಳಲಿಲ್ಲ. ಹೇಳಿದರೆ ಎಲ್ಲವನ್ನೂ ಹೇಳಬೇಕಾಗುತ್ತಿತ್ತು. ಕಾಲ್ಬೆರಳು ನೋಡುವುದರ ಜೊತೆಗೆ ಈಗ ಅವಳು ಬೆವರಿದರೂ ಹೆದರುತ್ತಿದ್ದೆ, ಮಾತು ತಡವರಿಸಿದರೂ ಹೆದರುತ್ತಿದ್ದೆ. ನೆನಪು ಮರಳೀತೇನೋ ಎಂದು ಎಲ್ಲಕ್ಕಿಂತ ಹೆಚ್ಚು ಹೆದರುತ್ತಿದ್ದೆ.

ಅಕ್ಕ ಬೆಲ್ಲ ಬಿಟ್ಟಳು. ದವಡೆ ಖಾಲಿ ಇಟ್ಟುಕೊಂಡೇ ಘಾಟಿಗೆ ಕೂರುತ್ತಿದ್ದಳು. ಈಗ ಅವಳೂ ಎಲ್ಲರಂತೆ ಸೀನುತ್ತಿದ್ದಳು, ಕೆಮ್ಮುತ್ತಿದ್ದಳು. ಖಾರ ಹುರಿಸಲು ಕರೆದ ಮನೆಯವರು ಅವಳು ಹೊಸ್ತಿಲು ದಾಟುತ್ತಲೇ ಬೆಲ್ಲದ ತಟ್ಟೆ ಎತ್ತಿ ಒಳಗಿಡುತ್ತಿದ್ದರು. ಮುಂಚಿನ ಅಕ್ಕನಾಗಿದ್ದರೆ ಅದಕ್ಕೊಂದು ಚುಚ್ಚು ಮಾತು ಆಡುತ್ತಿದ್ದಳು. ಈಗ ತಲೆ ತಗ್ಗಿಸಿ ಕೊತ್ತಂಬರಿ ಆರಿಸುತ್ತಿದ್ದಳು.

ಹೀಗೆ ವರ್ಷಗಳು ಹೋದವು. ತೊಂಬತ್ತರ ದಶಕ ಅರ್ಧ ಸವೆದಿತ್ತು. ಅಕ್ಕೋಳದ ಒಂದು ಮದುವೆ ಮನೆಯ ಖಾರ ನಮ್ಮ ಅಂಗಳಕ್ಕೇ ಬಂತು. ಆತುರದ ಕೆಲಸ. ಅಕ್ಕ ಬೆಳಿಗ್ಗೆ ಗುಳಿಗೆ ನುಂಗಿ, ಇದೊಂದು ಮುಗಿಸಿ ಉಣ್ಣುತ್ತೇನೆ, ಇದೊಂದು ಮುಗಿಸಿ ಉಣ್ಣುತ್ತೇನೆ ಎನ್ನುತ್ತ ಹೊತ್ತು ಏರಿಸಿದಳು. ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ಇದ್ದಕ್ಕಿದ್ದಂತೆ ಮೂಗಿಗೆ ಮೆಣಸಿನಕಾಯಿಯ ಘಾಟು ಬಡಿಯಿತು. ಕೊತ್ತಂಬರಿ ಇನ್ನೂ ಮೊರದಲ್ಲೇ ಇದೆ ಎಂದು ನನಗೆ ಗೊತ್ತಿತ್ತು. ಅಕ್ಕ ಸರದಿ ತಪ್ಪಿಸಿದ್ದಾಳೆ. ಕೈಯ ಹಿಟ್ಟಿನೊಂದಿಗೇ ಓಡಿದೆ.

ಬಾಣಲೆಯಲ್ಲಿ ಮೆಣಸಿನಕಾಯಿ ಕರಿ ಹೊಗೆ ಬಿಡುತ್ತಿತ್ತು. ಅಕ್ಕ ಸೌಟು ಹಿಡಿದು ಸುಮ್ಮನೆ ನೋಡುತ್ತಿದ್ದಳು. ಕತ್ತಿನಿಂದ ಬೆವರು ಇಳಿಯುತ್ತಿತ್ತು. ಪುಡಿಕೆ ಬಿಚ್ಚಿ ಸಕ್ಕರೆಯನ್ನು ಅವಳ ಬಾಯಿಗೆ ಒಡ್ಡಿದೆ. ಅವಳು ಹಲ್ಲು ಕಚ್ಚಿ ಮುಖ ತಿರುಗಿಸಿದಳು.

"ಬ್ಯಾಡ. ಸಕ್ಕರಿ ಬ್ಯಾಡ. ಮಂದಿ ನೋಡ್ಯಾರು."

ಏನೇನೋ ಕೂಗಿದೆ. ತಿಂದರೆ ಬದುಕುತ್ತಿ ಎಂದೆ, ಅಂದು ನೀನು ತಿಂದೇ ಇರಲಿಲ್ಲ ಎಂದೆ. ಅವಳ ಕಿವಿಗೆ ಹೋಗುತ್ತಿರಲಿಲ್ಲ. ಕಣ್ಣು ತೇಲತೊಡಗಿದ್ದವು. ಅಪ್ಪನದಕ್ಕಿಂತ ಕೆಟ್ಟ ಸಾವನ್ನು ನನ್ನ ಕೈಯಾರೆ ತಂದುಬಿಟ್ಟೆ ಅನ್ನಿಸಿತು. ಆಗ ನನ್ನ ಕೈ ತಾನೇ ಮೇಲೆದ್ದು ಹೆಬ್ಬೆರಳು, ತೋರುಬೆರಳಲ್ಲಿ ಅವಳ ಎರಡೂ ಕೆನ್ನೆ ಒತ್ತಿತು. ಬಾಯಿ ತೆರೆಯಿತು. ಸಕ್ಕರೆಯನ್ನು ಚಿಟಿಕೆ ಚಿಟಿಕೆಯಾಗಿ ಒಸಡಿಗೆ ತಿಕ್ಕಿದೆ. ಗಂಟಲು ಅಲುಗಿ ನುಂಗಿದ್ದು ಕಂಡಿತು. ಮತ್ತೆ ತಿಕ್ಕಿದೆ. ಪುಡಿಕೆ ಮುಗಿದ ಮೇಲೆ ಒಳಗೆ ಓಡಿ, ಟ್ರಂಕಿನ ಬೀಗ ತೆಗೆದು ಬೆಲ್ಲದ ಡಬ್ಬಿಯನ್ನೇ ತಂದೆ.

ಮೆಲ್ಲಗೆ ನಡುಕ ನಿಂತಿತು. ಅಕ್ಕ ಸುತ್ತ ನೋಡಿದಳು, ಬಾಣಲೆ ನೋಡಿದಳು.

"ಯಾರಬೇ ಮೆಣಸಿನಕಾಯಿ ಸುಟ್ಟಾವ್ರು? ಉರಿ ಸಣ್ಣ ಮಾಡ."

ಈ ಸಲವೂ ಅವಳಿಗೆ ಏನೂ ನೆನಪಿರಲಿಲ್ಲ. ನನ್ನ ಕೂಗು, ಕಚ್ಚಿದ ಹಲ್ಲು, ಒಂದೂ ಇಲ್ಲ. ನಾನು ಒಲೆಯಿಂದ ಕಟ್ಟಿಗೆ ಹಿಂದಕ್ಕೆ ಎಳೆದೆ. ರೊಟ್ಟಿ ತಂದು ಕೊಟ್ಟೆ, ಅವಳು ಮುರಿದು ತಿಂದಳು. ನೋಡು, ಮತ್ತೆ ಪಾರಾದೆ ಎಂದು ನನ್ನೊಳಗೆ ಯಾರೋ ಅಂದರು. ಸುಮ್ಮನಿದ್ದರೆ ಆಯಿತು. ಸುಮ್ಮನಿದ್ದು ರೂಢಿ ಇದೆಯಲ್ಲ.

ಮಜ್ಜಿಗೆ ಕೊಡಲು ಹೋದಾಗ ಅವಳು ಕುಪ್ಪಸದೊಳಗಿಂದ ಒಂದು ಪುಟ್ಟ ಡಬ್ಬಿ ತೆಗೆದಳು. ಮುಚ್ಚಳ ಬಿಚ್ಚಿದ್ದೇ ತಡ, ವಾಸನೆ ಬಂತು. ಹುರಿದ ಮೆಂತ್ಯ.

ಇದು ಎಲ್ಲಿಯದು ಎಂದು ಕೇಳಿದೆ.

"ನಾನ ಮಾಡಕೊಂಡೇನಿ. ಈಗ ವಾರಾತು ತಿನ್ನಾಕತ್ತಿ," ಎಂದಳು. "ಮೊದಲ ನೀ ಗುರೆಳ್ಳ ಚಟ್ನ್ಯಾಗ ಹಾಕತಿದ್ದೆಲ್ಲ, ಅದ. ಮೆಂತಿ ವಾಸನಿ ನನಗ ಗೊತ್ತಾಗೂದಿಲ್ಲೇನ, ಹುಚ್ಚಿ? ನನ್ನ ಸಲುವಾಗಿ ತಂಗಿ ಕುಟ್ಟ್ಯಾಳು ಅಂತ ಕಣ್ಣ ಮುಚ್ಚಿ ತಿಂದ್ನಿ. ಆಮ್ಯಾಲ ನೀ ಯಾಕ ಬಿಟ್ಟಿ? ನಾ ಕದ್ದ ಬೆಲ್ಲಾ ತಿಂದ್ನಿ ಅಂತ ಸಿಟ್ಟ ಬಂತೇನ?"

ಅವಳು ಚಮಚ ತುಂಬ ಪುಡಿ ತೆಗೆದಳು. ಬಾಯಿಯ ಹತ್ತಿರ ಒಯ್ದಳು. ನಾನು ಆ ಕೈ ಹಿಡಿದೆ. ಹಿಂದೆ ಹಿಡಿದದ್ದೂ ಅದೇ ಕೈ. ಒಂದೊಂದೇ ಬೆರಳು ಬಿಡಿಸಿ ಚಮಚ ತೆಗೆದುಕೊಂಡೆ. ಅವಳ ಖಾಲಿ ಅಂಗೈಯಲ್ಲಿ ಬೆಲ್ಲದ ಡಬ್ಬಿಯಿಂದ ಒಂದು ಚೂರು ಮುರಿದು ಇಟ್ಟೆ. ಅವಳು ಬೆಲ್ಲವನ್ನೂ ನನ್ನನ್ನೂ ನೋಡಿದಳು. ನನಗೆ ಅವಳ ಮುಖ ನೋಡುವ ಧೈರ್ಯವಿರಲಿಲ್ಲ. ಅಂಗೈ ನೋಡುತ್ತಲೇ ಹೇಳಿದೆ.

"ಅವತ್ತ ನೀ ಕದ್ದ ತಿಂದಿಲ್ಲಕ್ಕಾ. ನಿನ್ನ ಕೆಡವಿದ್ದ ಬೆಲ್ಲ ಅಲ್ಲ, ಉಪಾಸದಾಗ ನಾ ಕೊಟ್ಟ ಗುಳಿಗಿ, ಈ ಮೆಂತಿ ಪುಡಿ. ಜೀವ ಹೊಂಟೈತಿ, ಒಂದ ಚೂರ ಕೊಡ ಅಂತ ನನ್ನ ಬೇಡಿದಿ. ನಿನ್ನ ಕೈಯಾಗಿಂದ ಕಸಗೊಂಡಾಕಿ ನಾನು. ಡಾಕ್ಟರಿಗೆ ಸುಳ್ಳ ಹೇಳಿದ್ನಿ, ಊರಿಗೆ ಸುಮ್ಮನಾದ್ನಿ. ನೀ ನನಗ ತಪ್ಪಾತ ಅಂದಾಗೂ ಸುಮ್ಮನಿದ್ನಿ. ತಪ್ಪ ನಂದಕ್ಕಾ, ಎಲ್ಲಾ ನಂದ. ನನ್ನ ತಪ್ಪ ನಿನ್ನ ಹೊಟ್ಟ್ಯಾಗ ಹಾಕ್ಕೋ."